ಸಹಿ ನಮ್ಮದು, ಪಾಸ್‌ವರ್ಡ್ ಅವರದು

ಓದು ಮುಗಿಸಿ ಎರಡು-ಮೂರು ವರ್ಷ ಕೆಲಸ ಮಾಡಿದ ಸೀನಿಯರ್‌ಗಳು ಸಿಕ್ಕರೆ ಈಗ ಮಾತು ಸಂಬಳದ ಬಗ್ಗೆ ಅಲ್ಲ, ಪಿಆರ್ ಬಗ್ಗೆ. ರಾಜಾಜಿನಗರದಿಂದ ಕೆಂಗೇರಿವರೆಗೆ ನಮ್ಮ ಕಡೆಯ ಮನೆಗಳಲ್ಲಿ ಕೆನಡಾ, ಆಸ್ಟ್ರೇಲಿಯಾ ಅನ್ನೋದು ದೂರದ ಮಾತಾಗಿ ಉಳಿದಿಲ್ಲ. ಹೋಗುವವರು ಹೋಗಲಿ. ಕನ್ನಡ ಸಂಘದವರು ಅಂದ ಮಾತ್ರಕ್ಕೆ ಎಲ್ಲರೂ ಇಲ್ಲೇ ಇರಿ ಅಂತ ಭಾಷಣ ಮಾಡಬೇಕಿಲ್ಲವಲ್ಲ! ನಮ್ಮ ತಕರಾರು ಇರೋದು, ಹೋಗುವ ಕೆಲಸವನ್ನು ಕಣ್ಣುಮುಚ್ಚಿ ಕನ್ಸಲ್ಟೆನ್ಸಿಯ ಕೈಗೆ ಕೊಡುವುದರ ಬಗ್ಗೆ.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯನ್ನೇ ತಗೊಳ್ಳಿ. 2015ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಪ್ರೊಫೈಲ್ ಹಾಕೋಕೆ ಶುಲ್ಕವೇ ಇಲ್ಲ. ಒಟ್ಟು 1200 ಅಂಕ. ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29ರ ವಯಸ್ಸಿಗೆ 110 ಅಂಕ; 30ರಿಂದ ವರ್ಷವರ್ಷ ಇಳಿಯುತ್ತಾ ಹೋಗುತ್ತೆ. ಉಳಿದದ್ದು ಓದು, ಭಾಷೆ, ಅನುಭವ. ಕ್ಯಾಲ್ಕುಲೇಟರ್ ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ಇದೆ. ಎಂ3 ಪಾಸ್ ಮಾಡಿದವರಿಗೆ ಇದೇನು ಮಹಾ ಲೆಕ್ಕ?

ಹಾಗಾದರೆ ಲಕ್ಷಗಟ್ಟಲೆ ಕೊಡೋದು ಯಾತಕ್ಕೆ? "ಎಲ್ಲಾ ನಾವೇ ನೋಡ್ಕೋತೀವಿ ಸರ್" ಅನ್ನುವ ಒಂದು ಮಾತಿಗೆ. ನಮಗೆ ಗೊತ್ತಿರುವ ಒಬ್ಬ ಸೀನಿಯರ್‌ಗೆ ಹಾಗೇ ಆಯ್ತು. ಪ್ರೊಫೈಲ್ ಮಾಡಿದ್ದು ಅವರು, ಇಮೇಲ್ ಅವರದು, ಪಾಸ್‌ವರ್ಡ್ ಅವರದು. ಅಕ್ಕ ಹಟ ಹಿಡಿದು ತೆರೆಸಿ ನೋಡಿದರೆ, ತಾನು ಮಾಡಿದ್ದು ಟೆಸ್ಟಿಂಗ್, ಅಲ್ಲಿ ಬರೆದಿದ್ದ ಕೆಲಸವೇ ಬೇರೆ. ಸದ್ಯ, ಅರ್ಜಿ ಇನ್ನೂ ಹೋಗಿರಲಿಲ್ಲ.

ಹೋಗಿದ್ದರೆ? ಸುಳ್ಳು ಮಾಹಿತಿ ಕೊಟ್ಟರೆ ಕೆನಡಾ ಕಾನೂನಿನಲ್ಲಿ 5 ವರ್ಷ ನಿಷೇಧ. ಅದು ಬೀಳೋದು ಅರ್ಜಿದಾರರ ಮೇಲೆ. ಯಾರು ಟೈಪ್ ಮಾಡಿದ್ದು ಅಂತ ನೋಡಿ ಬಿಡುವವರಿಲ್ಲ. ನಕಲಿ ಕಾಲೇಜು ಪ್ರವೇಶ ಪತ್ರ ಹಿಡಿದು ಹೋಗಿದ್ದ ಪಂಜಾಬಿನ ವಿದ್ಯಾರ್ಥಿಗಳ ಕಥೆ 2023ರಲ್ಲಿ ಎಲ್ಲರೂ ಓದಿದ್ದೇವೆ. ಏಜೆಂಟ್‌ಗೆ ಮರುವರ್ಷ ಅಲ್ಲೇ ಜೈಲಾಯ್ತು ನಿಜ. ಅಷ್ಟರಲ್ಲಿ ಆ ಹುಡುಗ-ಹುಡುಗಿಯರ ಎದೆಯ ಮೇಲೆ ಗಡೀಪಾರಿನ ಕತ್ತಿ ತೂಗಿ ಆಗಿತ್ತು. ಇನ್ನು ಜಾಬ್ ಆಫರ್ ಮಾರುವವರು. 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರ್‌ಗೆ ಕೊಡುತ್ತಿದ್ದ ಹೆಚ್ಚುವರಿ ಅಂಕಗಳನ್ನೇ ತೆಗೆದಿದ್ದಾರೆ. ಈಗಲೂ ಯಾರಾದರೂ "ಆಫರ್ ಲೆಟರ್ ತರಿಸ್ತೀವಿ, ಅಂಕ ಏರುತ್ತೆ" ಅಂದರೆ ಎದ್ದು ಬನ್ನಿ. ಕಾಫಿ ಕುಡಿದು ಬಂದರೂ ಅಡ್ಡಿಯಿಲ್ಲ.

ಕನ್ಸಲ್ಟೆಂಟ್‌ಗಳೇ ಬೇಡ ಅಂತಲ್ಲ. ಹಿಂದೆ ವೀಸಾ ತಿರಸ್ಕೃತವಾದವರಿಗೆ, ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸಿ ಉದ್ಯಮಿಯಾಗಿ ಹೋಗಬೇಕು ಅನ್ನುವವರಿಗೆ ಬಲ್ಲವರ ಸಲಹೆ ಬೇಕೇ ಬೇಕು. ಹತ್ತು ವರ್ಷದ ಲೆಕ್ಕಪತ್ರ, ಪಾಲುದಾರರು, ಆಸ್ತಿ ಎಲ್ಲದಕ್ಕೂ ದಾಖಲೆ ಕೂಡಿಸೋದು ಹುಡುಗಾಟವಲ್ಲ. ಆದರೆ ಬಲ್ಲವರು ಯಾರು? ಕೆನಡಾ ವಿಷಯದಲ್ಲಿ ದುಡ್ಡು ತಗೊಂಡು ಸಲಹೆ ಕೊಡಬೇಕಾದರೆ ಅಲ್ಲಿನ ವಕೀಲರಾಗಿರಬೇಕು, ಕ್ವಿಬೆಕ್ ನೋಟರಿ ಆಗಿರಬೇಕು, ಇಲ್ಲವೇ ಅಲ್ಲಿನ ಇಮಿಗ್ರೇಶನ್ ಕನ್ಸಲ್ಟೆಂಟ್‌ಗಳ ಕಾಲೇಜಿನ ಲೈಸೆನ್ಸ್ ಇರಬೇಕು. ಆ ಪಟ್ಟಿ ಆನ್‌ಲೈನ್‌ನಲ್ಲಿದೆ, ಹೆಸರು ಹಾಕಿದರೆ ಸಿಗುತ್ತೆ. ಎಸಿ ರೂಮಿನಲ್ಲಿ ನಮ್ಮೆದುರು ಕೂತಿರುವವರು ಬಹಳ ಸಲ ಸೇಲ್ಸ್‌ನವರು, ಪಾಪ, ಅವರಿಗೂ ತಿಂಗಳ ಟಾರ್ಗೆಟ್ ಇರುತ್ತೆ. ಲೈಸೆನ್ಸ್ ಯಾರದು, ಅರ್ಜಿಯಲ್ಲಿ ಪ್ರತಿನಿಧಿ ಅಂತ ಅವರ ಹೆಸರು ಹಾಕ್ತೀರಾ ಅಂತ ಕೇಳಿ ನೋಡಿ.

ನಮ್ಮದೊಂದು ಬೇಡಿಕೆ ಕಾಲೇಜಿಗೂ ಇದೆ. ಫೆಸ್ಟ್ ಬಂತೆಂದರೆ ಸ್ಟಾಲ್ ಕೇಳಿಕೊಂಡು, ಸ್ಪಾನ್ಸರ್ ಮಾಡ್ತೀವಿ ಅಂತ ಕನ್ಸಲ್ಟೆನ್ಸಿಗಳು ಬರುತ್ತವೆ. ಬ್ಯಾನರ್ ಅಳತೆ ಕೇಳುವ ಮೊದಲು ಲೈಸೆನ್ಸ್ ನಂಬರ್ ಕೇಳಿ, ಅದನ್ನು ಸ್ಟಾಲ್ ಮುಂದೆಯೇ ದೊಡ್ಡದಾಗಿ ಬರೆಸಿ. ಕೊಡದಿದ್ದರೆ ಆ ಜಾಗದಲ್ಲಿ ಚುರುಮುರಿಯವರನ್ನು ಕೂರಿಸೋಣ.