ಲೈನ್ ಮನೆಯ ಕೂಗು ಯಾರ ಸಂಸ್ಕೃತಿ?

ಗೆಳತಿಯರೇ, ರಾತ್ರಿ ಹತ್ತು ಗಂಟೆಗೆ ತೋಟದ ಲೈನ್ ಮನೆಯಿಂದ ಹೆಂಗಸೊಬ್ಬಳ ಕೂಗು ಕೇಳುತ್ತದೆ. ಎದ್ದು ಕೂರುತ್ತೇವೆ. "ಯಾರಂತೆ?" "ಆ ಅಸ್ಸಾಮಿನವರು." "ಅವರಲ್ಲಿ ಅದೆಲ್ಲ ಮಾಮೂಲು" ಎಂದು ಮತ್ತೆ ಮಲಗುತ್ತೇವೆ. ಅದೇ ಕೂಗು ನಮ್ಮ ಜನರ ಮನೆಯಿಂದ ಬಂದರೆ? "ಅದು ಅವರ ಸಂಸಾರದ ವಿಷಯ" ಎನ್ನುತ್ತೇವೆ. ನೆಪ ಎರಡು, ಪೆಟ್ಟು ಒಂದೇ.

ಕೊಡಗು ಬಂದವರಿಂದಲೂ ಬೆಳೆದ ನಾಡು. 1854ರಿಂದ ಯುರೋಪಿಯನ್ನರು ಇಲ್ಲಿ ಕಾಫಿ ತೋಟ ಮಾಡತೊಡಗಿದಾಗ ಮೈಸೂರು, ದಕ್ಷಿಣ ಕನ್ನಡ, ಮಲಬಾರುಗಳಿಂದ ಕೂಲಿಯಾಳುಗಳು ಬಂದರು. ನಮ್ಮ ಸಂಘಗಳಲ್ಲೇ ಅಂಥವರ ಮೊಮ್ಮಕ್ಕಳು, ಮರಿಮಕ್ಕಳು ಇದ್ದಾರೆ. ಸಂತೆಗೆ ಹೋದರೆ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು, ಬ್ಯಾರಿ, ಎರವ ಭಾಷೆ ಎಲ್ಲವೂ ಕಿವಿಗೆ ಬೀಳುತ್ತವೆ. ಈಗ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನಿಂದ ಬಂದವರು ನಮ್ಮ ಕಾಫಿ ಕೊಯ್ಯುತ್ತಿದ್ದಾರೆ.

"ಬಂದವರು ನಮ್ಮಂತೆ ಆಗಲಿ" ಎನ್ನುತ್ತೇವೆ. ಯಾವ ನಮ್ಮಂತೆ? ವರದಕ್ಷಿಣೆ ಕೊಡವರ ಪದ್ಧತಿಯೇ ಅಲ್ಲ, ಹೊರಗಿನಿಂದ ಬಂದದ್ದು ಎಂದು ಹಿರಿಯರು ಹೇಳುತ್ತಾರೆ. ನಿಜ, ಸಮ್ಮಂದ ಕೊಡುವಾಗ ಅರುವರು ನಿಂತು, ಹೆಣ್ಣಿಗೆ ಹೊಸ ಒಕ್ಕದಲ್ಲಿ ಹಕ್ಕುಂಟು ಎಂದು ಎಲ್ಲರೆದುರು ಒಪ್ಪಿಸುತ್ತಾರೆ. ಎಂಥ ಒಳ್ಳೆಯ ಪದ್ಧತಿ! ಆದರೆ ಅದೇ ಮಂಟಪದ ಹಿಂದೆ ಬಂಗಾರದ ತೂಕ, ಕಾರು, ಸೈಟಿನ ಮಾತು ನಡೆದರೆ ಅದನ್ನು ಕೇಳಿದವರು ಯಾರು? ಅಸ್ಸಾಮಿನ ಕೂಲಿಯವರೇ? ಹೊರಗಿನವರಿಂದ ಕಲಿತೆವು ಎಂದೇ ಇಟ್ಟುಕೊಳ್ಳೋಣ, ಕಲಿಯಲು ಒಪ್ಪಿದವರು ನಾವೇ ಅಲ್ಲವೇ? ಒಳ್ಳೆಯದೆಲ್ಲ ನಮ್ಮದು, ಕೆಟ್ಟದ್ದೆಲ್ಲ ಹೊರಗಿನದು ಎಂಬ ಈ ಲೆಕ್ಕ ಗಂಡಸರಿಗೆ ಅನುಕೂಲ. ನಾವೇಕೆ ಅದಕ್ಕೆ ಸಹಿ ಹಾಕಬೇಕು?

"ಅವಳೇ ದೂರು ಕೊಡುವುದಿಲ್ಲವಲ್ಲ" ಎನ್ನುವವರಿದ್ದಾರೆ. ಯಾರಿಗೆ ಕೊಡಬೇಕು? ಮೇಸ್ತ್ರಿ ಮಾತಾಡುವುದು ಗಂಡನೊಡನೆ. ಫೋನು ಗಂಡನ ಜೇಬಿನಲ್ಲಿ. ನಮ್ಮ ಮಗಳು ಪೆಟ್ಟು ತಿಂದರೆ ಬಸ್ಸು ಹತ್ತಿ ತವರಿಗೆ ಬಂದಾಳು. ಇವಳ ತವರು ರೈಲಿನಲ್ಲಿ ದಿನಗಟ್ಟಲೆ ದೂರ.

ಕಾನೂನು ಅವಳ ಭಾಷೆ ಕೇಳುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ ಹೆಣ್ಣು ತಾತ್ಕಾಲಿಕವಾಗಿ ವಾಸಿಸುವ ಅಥವಾ ಕೆಲಸ ಮಾಡುವ ಊರಿನ ನ್ಯಾಯಾಲಯಕ್ಕೇ ಹೋಗಬಹುದು. ಲೈನ್ ಮನೆಯೂ ವಾಸದ ಮನೆಯೇ. ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಅಧಿಕಾರಿ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುತ್ತಿದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಸರ್ಕಾರದ ಉಚಿತ ಕಾನೂನು ನೆರವು ಉಂಟು.

ಹಾಗಾದರೆ ತಡೆಯುತ್ತಿರುವುದು ಏನು? "ಅವಳಿಗೆ ಇಲ್ಲಿಯ ರೇಷನ್ ಕಾರ್ಡ್ ಇಲ್ಲ, ನಾಳೆ ಊರು ಬಿಡುವವಳು" ಎಂದು ಸಂಘದ ಬಾಗಿಲಲ್ಲೇ ನಿಲ್ಲಿಸುವ ನಮ್ಮ ಮನಸ್ಸು. ಸಾಲ ಕೊಡಲು ಕಾಗದ ಬೇಕಾದೀತು. ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾವ ಕಾಗದ ಬೇಕು?

ಮುಂದಿನ ವಾರದ ಸಭೆಗೆ ಹತ್ತಿರದ ಲೈನ್ ಮನೆಯ ಹೆಂಗಸರನ್ನು ಕರೆಯೋಣ. ಅವರ ಹೆಸರು ಕೇಳಿ ತಿಳಿಯೋಣ. ಮಹಿಳಾ ಸಹಾಯವಾಣಿ 181, ಪೊಲೀಸ್ 112, ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸೋಣ. ಅವಳು ಕನ್ನಡ ಕಲಿಯಲಿ, ನಾವೂ ಅವಳ ನಾಲ್ಕು ಮಾತು ಕಲಿಯೋಣ. ಅವಳು ಕಲಿಯುವ ಮೊದಲ ಕನ್ನಡ "ಅಕ್ಕಾ, ಬನ್ನಿ" ಎಂದಿರಲಿ. ಆ ಕೂಗು ಕೇಳಿದ ರಾತ್ರಿ ಹತ್ತು ಜನ ಟಾರ್ಚ್ ಹಿಡಿದು ಹೊರಡೋಣ.