ನಾಳೆಯ ಮಾತಿಗೆ ಎಷ್ಟು ರೂಪ?

ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಹತ್ತನೆಯ ತರಗತಿಯ ಹುಡುಗನೊಬ್ಬನ ಮುಖ ಬಾಡಿತು. ಇಂಗ್ಲಿಷ್ ವ್ಯಾಕರಣದ ಐದು ಬಿಟ್ಟ ಸ್ಥಳಗಳಿಗೂ ಅವನು 'ವಿಲ್' ಎಂದೇ ತುಂಬಿದ್ದ. ಸಿಕ್ಕಿದ್ದು ಎರಡೇ ಅಂಕ. 'ನಾಳೆ ಎಂದರೆ ವಿಲ್ ಎಂದೇ ಅಲ್ಲವೆ ಕಲಿತದ್ದು?' ಎಂಬುದು ಅವನ ದೂರು.

ದೂರಿನಲ್ಲಿ ಹುರುಳಿಲ್ಲದಿಲ್ಲ. ಇಂಗ್ಲಿಷಿನಲ್ಲಿ ಭೂತಕಾಲಕ್ಕೆ ಕ್ರಿಯಾಪದವೇ ರೂಪ ಬದಲಿಸುತ್ತದೆ. 'ಗೋ' ಎಂಬುದು 'ವೆಂಟ್' ಆಗುತ್ತದೆ. ಭವಿಷ್ಯಕ್ಕೆ ಅಂಥ ಪ್ರತ್ಯೇಕ ರೂಪವಿಲ್ಲ. ಬೇರೆ ಬೇರೆ ರಚನೆಗಳು ಆ ಕೆಲಸವನ್ನು ಹಂಚಿಕೊಂಡಿವೆ. ಅವುಗಳಲ್ಲಿ ಒಂದನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ತೀರ್ಮಾನ ಯಾವಾಗ ಆಯಿತು? ಮಾತನಾಡುವವನಿಗೆ ಅದು ಹೇಗೆ ಗೊತ್ತು?

ಮನೆಯ ಮುಂದೆ ಅಜ್ಜಿ ಆಟೊದಿಂದ ಭಾರದ ಚೀಲ ಇಳಿಸುತ್ತಿದ್ದಾರೆ. ಕಂಡ ಕೂಡಲೇ ಮೊಮ್ಮಗ ಹೇಳಬೇಕಾದದ್ದು 'ಐ ವಿಲ್ ಕ್ಯಾರಿ ಇಟ್'. ತೀರ್ಮಾನ ಆ ಗಳಿಗೆಯದು. ಅವನು 'ಐ ಆಮ್ ಗೋಯಿಂಗ್ ಟು ಕ್ಯಾರಿ ಇಟ್' ಎಂದರೆ, ಮೊದಲೇ ಯೋಚಿಸಿಟ್ಟುಕೊಂಡಿದ್ದ ಎಂಬ ಅರ್ಥ ಬರುತ್ತದೆ. ಬೇಸಗೆ ರಜೆಯಲ್ಲಿ ಈಜು ಕಲಿಯಬೇಕೆಂದು ಮನಸ್ಸು ಮಾಡಿದವನು 'ಐ ಆಮ್ ಗೋಯಿಂಗ್ ಟು ಲರ್ನ್ ಸ್ವಿಮ್ಮಿಂಗ್' ಎನ್ನಬಹುದು. ಶುಲ್ಕ ಕಟ್ಟಿ, ದಿನ ಗೊತ್ತಾದ ಮೇಲೆ 'ಐ ಆಮ್ ಸ್ಟಾರ್ಟಿಂಗ್ ಆನ್ ಮಂಡೇ' ಎಂಬುದು ಒಪ್ಪುತ್ತದೆ. ರೈಲಿನ ವೇಳಾಪಟ್ಟಿಯಂತೆ ನಿಗದಿಯಾದ ಸಂಗತಿಗೆ ಸರಳ ವರ್ತಮಾನವೇ ಸಾಕು: 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ'.

ಮುನ್ಸೂಚನೆಯ ವಿಚಾರದಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಅನುಕೂಲ ಹೆಚ್ಚು. ಕಣ್ಣಿಗೆ ಕಾಣುವ ಸಾಕ್ಷ್ಯಕ್ಕೂ ಮನಸ್ಸಿನ ಅಂದಾಜಿಗೂ ಇರುವ ವ್ಯತ್ಯಾಸ ಅವರಿಗೆ ಪರಿಚಿತ. ಲೋಟ ಮೇಜಿನ ಅಂಚಿನಲ್ಲಿ ವಾಲುತ್ತಿದ್ದರೆ 'ಇಟ್ ಈಸ್ ಗೋಯಿಂಗ್ ಟು ಫಾಲ್'. ಬರೀ ಅಭಿಪ್ರಾಯವಾದರೆ 'ಐ ಥಿಂಕ್ ಇಟ್ ವಿಲ್ ರೇನ್ ಟುಮಾರೊ'. ಪ್ರಶ್ನೆಪತ್ರಿಕೆಯಲ್ಲಿ 'ಲುಕ್', 'ಐ ಥಿಂಕ್' ಮುಂತಾದ ಪದಗಳಿದ್ದರೆ ಅವು ಸುಳಿವುಗಳೆಂದು ತಿಳಿಯಬೇಕು. ಸುಳಿವಿಲ್ಲದ ಎಷ್ಟೋ ವಾಕ್ಯಗಳಲ್ಲಿ ಎರಡು ರೂಪಗಳೂ ಸರಿಯಾಗುವುದುಂಟು.

ಹಳೆಯ ವ್ಯಾಕರಣ ಪುಸ್ತಕಗಳಲ್ಲಿ 'ಐ', 'ವಿ' ಜೊತೆಗೆ 'ಶಲ್', ಉಳಿದವಕ್ಕೆ 'ವಿಲ್' ಎಂಬ ನಿಯಮವಿದೆ. ಜಾನ್ ವಾಲಿಸ್ 1653ರಲ್ಲೇ ಇದನ್ನು ಬರೆದಿಟ್ಟಿದ್ದ. ಅವನು ಹೆಸರಾಂತ ಗಣಿತಜ್ಞನೂ ಹೌದು. ಇಂದಿನ ಬಳಕೆಯಲ್ಲಿ ಎಲ್ಲದಕ್ಕೂ 'ವಿಲ್' ನಡೆಯುತ್ತದೆ. 'ಶಲ್ ಐ ಓಪನ್ ದ ಡೋರ್?' ಎಂದು ಒಪ್ಪಿಗೆ ಕೇಳುವಾಗ ಮಾತ್ರ 'ಶಲ್' ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ತಮಗೆ ಇಂಗ್ಲಿಷ್ ಬಾರದೆಂದು ಹಿಂಜರಿಯುವ ತಂದೆತಾಯಿಗಳೂ ಇಲ್ಲಿ ಮಕ್ಕಳಿಗೆ ನೆರವಾಗಬಲ್ಲರು. ಈ ಭೇದಗಳು ಕನ್ನಡದಲ್ಲೂ ಇವೆ. ಮೋಡ ಕವಿದಾಗ 'ಮಳೆ ಬರುವ ಹಾಗಿದೆ' ಎನ್ನುತ್ತೇವೆ. ಮನಸ್ಸಿನಲ್ಲಿರುವುದಕ್ಕೆ 'ಹೋಗಬೇಕೆಂದಿದ್ದೇನೆ', ಟಿಕೆಟ್ ಕೈಯಲ್ಲಿದ್ದರೆ 'ನಾಳೆ ಮೈಸೂರಿಗೆ ಹೊರಟಿದ್ದೇನೆ'. 'ಇಫ್ ಇಟ್ ವಿಲ್ ರೇನ್' ಎಂದು ಬರೆದು ಅಂಕ ಕಳೆದುಕೊಳ್ಳುವವರು 'ಮಳೆ ಬಂದರೆ' ಎಂಬುದನ್ನು ಗಮನಿಸಲಿ. 'ಬಂದರೆ' ಎಂಬಲ್ಲಿ ಭವಿಷ್ಯದ ರೂಪವೇ ಇಲ್ಲ. ಹಾಗೆಯೇ ಇಂಗ್ಲಿಷಿನಲ್ಲೂ 'ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಅಟ್ ಹೋಮ್' ಎಂದಾಗಬೇಕು. 'ವೆನ್', 'ಬಿಫೋರ್', 'ಅಂಟಿಲ್' ಪದಗಳು ಕಾಲಸೂಚಕವಾಗಿ ಬಂದಾಗಲೂ ಇದೇ ಕ್ರಮ.

ಮಗು ಬಿಟ್ಟ ಸ್ಥಳದ ಮುಂದೆ ಪೆನ್ಸಿಲ್ ಹಿಡಿದು ಕುಳಿತಾಗ, ಆ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀಯ ಎಂದು ತಾಯಿ ಕೇಳಿದರೂ ಸಾಕು. ತೀರ್ಮಾನ ಈಗಿನದೋ ಮೊದಲಿನದೋ ಎಂಬುದು ಅದರಿಂದಲೇ ತಿಳಿಯುತ್ತದೆ. ಆಮೇಲೆ ಉಳಿಯುವುದು ಇಂಗ್ಲಿಷ್ ರೂಪವನ್ನು ತಪ್ಪಿಲ್ಲದೆ ಬರೆಯುವ ಅಭ್ಯಾಸ. ದಿನಕ್ಕೆ ನಾಲ್ಕು ವಾಕ್ಯದಂತೆ ಬರೆದರೆ ಅದೂ ಕೈವಶವಾಗುತ್ತದೆ.