ಕಲ್ಲಪ್ಪನ್ನ ಕಳ್ಳಪ್ಪ ಮಾಡಬ್ಯಾಡ್ರಿ

ಪ್ರಾಜೆಕ್ಟ್ ರಿಪೋರ್ಟಿನ ಟೇಬಲ್‌ನಲ್ಲಿ ಊರು, ಹೆಸರು, ಬೆಳೆ ಯಾಕೆ ಕನ್ನಡದಲ್ಲಿಲ್ಲ ಅಂತ ಕೇಳಿದರೆ ನಮ್ಮ ಕ್ಯಾಂಪಸ್ಸಿನಲ್ಲಿ ಸಿದ್ಧ ಉತ್ತರ ಒಂದಿದೆ: "ಸಾಫ್ಟ್‌ವೇರ್ ಸಪೋರ್ಟ್ ಮಾಡಂಗಿಲ್ಲ." ಈ ಮಾತನ್ನು ಇನ್ನು ಒಪ್ಪಬಾರದು ಅಂತ ನಮ್ಮ ಅಭಿಪ್ರಾಯ.

ಕಲಘಟಗಿ ತಾಲೂಕಿನ ತಂಬೂರಿನಲ್ಲಿ ರೈತರ ಬೆಳೆ, ಖರ್ಚಿನ ಸರ್ವೇ ಮಾಡಿದೆವು ಅಂತ ಇಟ್ಕೊಳ್ರಿ. ಡೇಟಾ ಕನ್ನಡದಲ್ಲೇ ಇದೆ, ಪೈಥಾನ್ ಪ್ರೋಗ್ರಾಮಿನಿಂದ ಪಿಡಿಎಫ್ ತೆಗೀಬೇಕು. ಬರೀ ಕನ್ನಡ ಫಾಂಟ್ ಹಾಕಿ ರನ್ ಮಾಡಿದರೆ 'ತಂಬೂರ' ಹೆಚ್ಚುಕಡಿಮೆ ಸರಿಯಾಗೇ ಬರ್ತದ, ಯಾಕಂದ್ರ ಅದರಲ್ಲಿ ಒತ್ತಕ್ಷರ ಇಲ್ಲ. ಪಕ್ಕದ ಕಾಲಮ್ಮಿನ 'ಭತ್ತ' ಮಾತ್ರ 'ಭತ್‌ತ' ಆಗ್ತದ. 'ಅಣ್ಣಿಗೇರಿ' ಹೋಗಿ 'ಅಣ್‌ಣಿಗೇರಿ'. ಪಂಪನ ಊರು ಅಂತ ಹೆಮ್ಮೆಪಡೋ ಊರಿನ ಹೆಸರೇ ಹಿಂಗ ಒಡೆದರ ಹೆಂಗ್ರಿ?

ಕಾರಣ ಸರಳ. ನಮ್ಮ ಕಣ್ಣಿಗೆ ಅಣ್ಣಿಗೇರಿ ಅಂದರೆ 4 ಅಕ್ಷರ, ಯೂನಿಕೋಡಿಗೆ 9 ಕೋಡ್. ಅವನ್ನು ಕೂಡಿಸಿ ಒತ್ತು, ಗುಣಿತ ಮಾಡುವ ಕೆಲಸಕ್ಕೆ ಶೇಪಿಂಗ್ ಅಂತಾರೆ. ಬ್ರೌಸರ್ ಅದನ್ನು ತಾನೇ ಮಾಡುತ್ತದೆ. ಕೆಲವು ಪಿಡಿಎಫ್ ಲೈಬ್ರರಿಗಳು ಹೇಳದಿದ್ದರೆ ಮಾಡಲ್ಲ. ಎಫ್‌ಪಿಡಿಎಫ್2ನಲ್ಲಿ ಟೆಕ್ಸ್ಟ್ ಶೇಪಿಂಗ್ ಆನ್ ಮಾಡಬೇಕು. ಲೇಟೆಕ್ ಬಳಸುವವರು ಪಿಡಿಎಫ್‌ಲೇಟೆಕ್ ಬಿಟ್ಟು ಝೀಲೇಟೆಕ್ ಹಿಡಿದು, ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟು, ಸ್ಕ್ರಿಪ್ಟ್ ಕನ್ನಡ ಅಂತ ಹೇಳಿದರೆ ಆಯ್ತು. ನಾಲ್ಕೈದು ಸಾಲಿನ ಕೆಲಸಕ್ಕೆ ಭಾಷೆಯನ್ನೇ ಬಿಡೋದಾ?

ಇಂಗ್ಲಿಷಿನಲ್ಲಿ ಬರೆದರೆ ಏನು ಗಂಟು ಹೋಗ್ತದ ಅನ್ನಬಹುದು. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ನಾಳೆ ಯಾರೋ ಆ ಪಟ್ಟಿಯನ್ನು ಮತ್ತೆ ಕನ್ನಡಕ್ಕೆ ತಂದಾಗ ಕಲ್ಲಪ್ಪ ಹೋಗಿ ಕಳ್ಳಪ್ಪ ಆಗಬಹುದು. ನಮಗೆ ನಗು, ಅವರಿಗಲ್ಲ. ಹೆಸರಿನ ಒಂದಕ್ಷರ ತಪ್ಪಿದರೆ ಎಷ್ಟು ಸಲ ಕಚೇರಿಗೆ ಅಲೀಬೇಕು ಅಂತ ಮನೆಯಲ್ಲಿ ಹಿರಿಯರನ್ನ ಕೇಳ್ರಿ.

ಚಿಹ್ನೆಗಳದ್ದು ಇನ್ನೊಂದು ಕಥೆ. ₹ ಬಂದದ್ದು 2010ರಲ್ಲಿ. ಪಿಡಿಎಫ್‌ನ ಹಳೇ ಹೆಲ್ವೆಟಿಕಾದಲ್ಲಿ ಅದು ಇಲ್ಲ, ಹಾಗಾಗಿ ಖರ್ಚಿನ ಕಾಲಮ್ಮಿನ ತುಂಬ ಕಪ್ಪು ಡಬ್ಬಿಗಳು ಬರಬಹುದು. ಲೇಟೆಕ್‌ನಲ್ಲಿ 'ಬೀಜ & ಗೊಬ್ಬರ' ಅಂತ ಬರೆದರೆ ಒಂದು ಕಾಲಮ್ ಎರಡಾಗ್ತದ, % ಬಂದರೆ ಆ ಸಾಲಿನಲ್ಲಿ ಮುಂದಿನದ್ದೆಲ್ಲ ಕಾಮೆಂಟ್ ಆಗಿ ಮಾಯ. ಇವುಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕೋದನ್ನು ಕೈಯಿಂದ ಮಾಡದೆ ಒಂದು ಫಂಕ್ಷನ್ನಿಗೆ ಬಿಡಿ. ಮೊದಲು ಡೇಟಾ ಎಸ್ಕೇಪ್, ಆಮೇಲೆ ಬೋಲ್ಡ್. ತಿರುಗಾಮುರುಗಾ ಆದ್ರ ಬೋಲ್ಡ್ ಕಮಾಂಡೇ ಟೇಬಲ್‌ನಲ್ಲಿ ಪ್ರಿಂಟ್ ಆಗ್ತದ.

ಬೋಲ್ಡ್‌ಗೆ ಕನ್ನಡದ್ದೇ ಬೋಲ್ಡ್ ಫಾಂಟ್ ಫೈಲ್ ಕೊಡಿ. ಇಟಾಲಿಕ್ ಬೇಡವೇ ಬೇಡ, ವಾಲಿದ ಕನ್ನಡ ನಮಗಂತೂ ಚಂದ ಕಾಣಲ್ಲ. ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಿ, ಇಲ್ಲಾಂದ್ರ ಒತ್ತು ಕೆಳಗಿನ ಗೆರೆಗೆ ತಾಗ್ತದ.

ನಮ್ಮಲ್ಲಿ ಎಷ್ಟೋ ಮಂದಿ ಇಂಗ್ಲಿಷ್ ಮೀಡಿಯಂ. ಕನ್ನಡ ಓದುವಾಗ ನಾವೇ ತಡವರಿಸ್ತೀವಿ, ನಿಜ. ಆದರೆ ಡೇಟಾ ಕೊಟ್ಟವರು ತಂಬೂರಿನವರು. ರಿಪೋರ್ಟಿನ ಒಂದು ಪ್ರತಿ ಅವರ ಕೈಗೆ ಹೋದಾಗ ತಮ್ಮ ಸಾಲನ್ನು ತಾವೇ ಹುಡುಕಿಕೊಳ್ಳೋ ಹಾಗಿರಬೇಕು. ಈ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಬ್ ಇದಕ್ಕೊಂದು ಟೆಂಪ್ಲೇಟ್ ಮಾಡಿಡಲಿ. ಅದರ ಮೊದಲ ಸಾಲು ಟೆಸ್ಟ್‌ಗೆ: ಅಣ್ಣಿಗೇರಿ, ಹುಬ್ಬಳ್ಳಿ, ಕಲ್ಲಪ್ಪ, ₹, %, &.